ಕ್ರಿಸ್ಮಸ್ ಹಬ್ಬ: ಮಕ್ಕಳ ಜೊತೆ ಕೂರಲು ಯಾರಿಗೆ ರಜೆ ಇದೆ?

ಡಿಸೆಂಬರ್ ತಿಂಗಳು ಬಂತೆಂದರೆ ಕರಾವಳಿಯ ಕ್ರೈಸ್ತ ಮನೆಗಳ ಅಂಗಳದಲ್ಲಿ ನಕ್ಷತ್ರ ತೂಗುತ್ತದೆ. ಮಕ್ಕಳು ಡಬ್ಬಿಯಲ್ಲಿ ಭತ್ತವನ್ನೋ ರಾಗಿಯನ್ನೋ ಬಿತ್ತಿ, ಗೋದಲಿಗೆ ಹಸಿರು ಬಂತೇ ಎಂದು ದಿನಕ್ಕೆ ಮೂರು ಸಲ ನೋಡುತ್ತಾರೆ. ಅಡುಗೆ ಮನೆಯಿಂದ ತೆಂಗಿನೆಣ್ಣೆಯ ಪರಿಮಳ ಬರುತ್ತದೆ. ಇವೆಲ್ಲದರ ನಡುವೆ ಅನೇಕ ಮನೆಗಳಲ್ಲಿ ಸಂಜೆ ಫೋನು ಬಂದಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಪಪ್ಪಾ, ಈ ಸಲ ಹಬ್ಬಕ್ಕೆ ಬರ್ತೀರಲ್ಲ?"

ಈ ಪ್ರಶ್ನೆಗೆ ಉತ್ತರ ಕೊಡುವುದು ಅಪ್ಪನ ಕೈಯಲ್ಲಿ ಇರುವುದಿಲ್ಲ. ಕಂಪೆನಿಯ ರಜೆ ಪಟ್ಟಿ, ವಿಮಾನದ ಟಿಕೇಟು ದರ, ಆ ದೇಶದ ವೀಸಾ ಕಾನೂನು, ಮನೆ ಕಟ್ಟಲು ಮಾಡಿದ ಸಾಲದ ಕಂತು ಇವೆಲ್ಲ ಸೇರಿ ಉತ್ತರವನ್ನು ತೀರ್ಮಾನಿಸುತ್ತವೆ. ಕ್ರಿಸ್ಮಸ್ ಕುಟುಂಬದ ಹಬ್ಬ ಎಂದು ನಾವು ಪ್ರತಿ ವರ್ಷ ಹೇಳುತ್ತೇವೆ, ಬರೆಯುತ್ತೇವೆ. ಆದರೆ ಚಿಕ್ಕ ಮಕ್ಕಳಿರುವ ಎಷ್ಟು ಕುಟುಂಬಗಳಿಗೆ ಈ ಹಬ್ಬವನ್ನು ಒಟ್ಟಾಗಿ ಆಚರಿಸುವ ಭಾಗ್ಯ ಇದೆ ಎಂಬುದನ್ನು ಕುಳಿತು ಯೋಚಿಸುವುದು ಕಡಿಮೆ. ಈ ಬರಹದಲ್ಲಿ ಅದನ್ನೇ ಸ್ವಲ್ಪ ನೋಡೋಣ.

ಸಂಬಳದ ಮೇಲೆ ನಿಂತ ಸಂಸಾರ

ಕರಾವಳಿಯ ಯುವಕರು ಎಪ್ಪತ್ತರ ದಶಕದಿಂದೀಚೆಗೆ ಕೊಲ್ಲಿ ರಾಷ್ಟ್ರಗಳಿಗೆ ಹೋಗತೊಡಗಿದರು. ಅದಕ್ಕೂ ಮೊದಲು ನಮ್ಮ ಹಿರಿಯರು ದುಡಿಯಲು ಹೋಗುತ್ತಿದ್ದುದು ಮುಂಬಯಿಗೆ. ಊರಿನ ಹಂಚಿನ ಮನೆಗಳು ತಾರಸಿ ಮನೆಗಳಾದದ್ದು, ಮಕ್ಕಳು ಇಂಜಿನಿಯರು, ನರ್ಸು, ಡಾಕ್ಟರು ಆದದ್ದು, ಚರ್ಚುಗಳು ನವೀಕರಣಗೊಂಡದ್ದು ಬಹುಪಾಲು ಈ ದುಡಿಮೆಯಿಂದಲೇ. ಈ ಋಣವನ್ನು ಯಾರೂ ಮರೆಯುವಂತಿಲ್ಲ.

ಆದರೆ ಕೊಲ್ಲಿಯಲ್ಲಿ ದುಡಿಯುವವರೆಲ್ಲರೂ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಸಾಧ್ಯವಿಲ್ಲ. ಅಲ್ಲಿ ಕುಟುಂಬ ಕೂಡಿ ಬಾಳಬೇಕಾದರೆ ಸಂಬಳ ಇಷ್ಟಿರಬೇಕು ಎಂಬ ಕಾನೂನಿದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮೊದಲು ಕೆಲವು ಉದ್ಯೋಗಗಳಲ್ಲಿ ಇರುವವರಿಗೆ ಮಾತ್ರ ಕುಟುಂಬವನ್ನು ಕರೆಸುವ ಅವಕಾಶವಿತ್ತು. 2019ರಲ್ಲಿ ಉದ್ಯೋಗದ ಶರತ್ತನ್ನು ತೆಗೆದು, ತಿಂಗಳಿಗೆ 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಇರುವವರು ಕರೆಸಿಕೊಳ್ಳಬಹುದು ಎಂದು ನಿಯಮ ಮಾಡಲಾಯಿತು. ಇದು ಸ್ವಾಗತಾರ್ಹ ಬದಲಾವಣೆ. ಆದರೂ ಆ ಸಂಬಳದಲ್ಲಿ ಮನೆ ಬಾಡಿಗೆ, ಶಾಲೆಯ ಫೀಸು, ಆಸ್ಪತ್ರೆಯ ವಿಮೆ ನಿಭಾಯಿಸುವುದು ಹೇಗೆ ಎಂದು ಅಲ್ಲಿ ಇರುವವರನ್ನೇ ಕೇಳಬೇಕು. ಕಾಗದದಲ್ಲಿ ಅನುಮತಿ ಇದ್ದರೂ ಜೇಬು ಅನುಮತಿ ಕೊಡುವುದಿಲ್ಲ.

ಸೌದಿ ಅರೇಬಿಯಾದ ಕಥೆ ಇನ್ನೂ ಕಷ್ಟದ್ದು. 2017ರ ಜುಲೈಯಿಂದ ಅಲ್ಲಿ ವಿದೇಶಿ ನೌಕರರ ಜೊತೆ ವಾಸಿಸುವ ಪ್ರತಿಯೊಬ್ಬ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಲಾಯಿತು. ಅದು ವರ್ಷ ವರ್ಷ ಏರಿ 2020ರ ಜುಲೈ ವೇಳೆಗೆ 400 ರಿಯಾಲ್ ಮುಟ್ಟಿತು. ಹೆಂಡತಿ ಮತ್ತು ಇಬ್ಬರು ಮಕ್ಕಳು ಇದ್ದರೆ ಈ ದರದಲ್ಲಿ ವರ್ಷಕ್ಕೆ 14,400 ರಿಯಾಲ್ ಆಯಿತು. ಮಧ್ಯಮ ಸಂಬಳದ ನೌಕರನಿಗೆ ಇದು ಸಣ್ಣ ಮೊತ್ತವಲ್ಲ. ಆ ವರ್ಷಗಳಲ್ಲಿ ಅನೇಕರು ಮನೆಯವರನ್ನು ಊರಿಗೆ ಕಳುಹಿಸಿ ತಾವು ಮಾತ್ರ ಬ್ಯಾಚುಲರ್ ರೂಮಿಗೆ ಹೋದರು. ನಮ್ಮ ಶಾಲೆಗಳಿಗೆ ವರ್ಷದ ನಡುವೆ ಹೊಸ ಮಕ್ಕಳು ಸೇರಿದ್ದನ್ನು, ಕನ್ನಡ ಬರೆಯಲು ಅವರು ಪರದಾಡಿದ್ದನ್ನು ಶಿಕ್ಷಕರು ಕಂಡಿದ್ದಾರೆ.

ಕುವೈಟ್ 2022ರಲ್ಲಿ ಕುಟುಂಬ ವೀಸಾ ಕೊಡುವುದನ್ನೇ ನಿಲ್ಲಿಸಿತ್ತು. 2024ರ ಜನವರಿಯಲ್ಲಿ ಮತ್ತೆ ಆರಂಭಿಸಿದಾಗ ತಿಂಗಳಿಗೆ 800 ದಿನಾರ್ ಸಂಬಳ ಇರಬೇಕೆಂಬ ಶರತ್ತು ಇಟ್ಟಿತು. ಡ್ರೈವರ್, ಅಡುಗೆಯವರು, ಅಂಗಡಿಯಲ್ಲಿ ದುಡಿಯುವವರು ಈ ಸಂಬಳದ ಹತ್ತಿರ ಎಲ್ಲಿ ಬರುತ್ತಾರೆ?

ಪ್ರತಿಯೊಂದು ದೇಶಕ್ಕೂ ತನ್ನ ಕಾನೂನು ಮಾಡುವ ಹಕ್ಕಿದೆ. ಆದರೆ ಇದರ ಪರಿಣಾಮವನ್ನು ನಾವು ತಿಳಿದಿರಬೇಕು. ಹೆಚ್ಚು ಸಂಬಳದವರ ಮಕ್ಕಳು ಅಪ್ಪನ ಜೊತೆ ಬೆಳೆಯುತ್ತಾರೆ, ಕಡಿಮೆ ಸಂಬಳದವರ ಮಕ್ಕಳು ಅಪ್ಪನ ಫೋನಿನ ಜೊತೆ ಬೆಳೆಯುತ್ತಾರೆ. ಕ್ರಿಸ್ಮಸ್ ದಿನ ಈ ವ್ಯತ್ಯಾಸ ಚರ್ಚಿನ ಬೆಂಚಿನಲ್ಲೇ ಕಾಣುತ್ತದೆ.

ಬಾಂಬೆ ಬಸ್ಸಿನಿಂದ ಕೆಂಜಾರಿನವರೆಗೆ

ಹಬ್ಬಕ್ಕೆ ಬರುವುದೇ ಆದರೂ ದಾರಿ ಸುಲಭವಾಗಿರಲಿಲ್ಲ. ಹಿಂದೆ ಕೊಲ್ಲಿಯಿಂದ ಬಂದವರು ಮುಂಬಯಿಯಲ್ಲಿ ಇಳಿದು, ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಕಟ್ಟಿ, ಒಂದು ದಿನದ ಪ್ರಯಾಣ ಮಾಡಿ ಊರು ಸೇರುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ಣಗೊಂಡಾಗ ಸ್ವಲ್ಪ ಹಗುರವಾಯಿತು. 2006ರಲ್ಲಿ ಮಂಗಳೂರಿನಿಂದ ದುಬಾಯಿಗೆ ನೇರ ವಿಮಾನ ಆರಂಭವಾದದ್ದು ಕರಾವಳಿಯ ಕುಟುಂಬಗಳ ಮಟ್ಟಿಗೆ ದೊಡ್ಡ ಘಟನೆ. ಅಪ್ಪ ಬೆಳಿಗ್ಗೆ ಇಳಿದು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ ಇರುವುದು ಸಾಧ್ಯವಾಯಿತು.

ಇದೇ ನಿಲ್ದಾಣದಲ್ಲಿ 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನ ಅಪಘಾತಕ್ಕೀಡಾಗಿ 158 ಮಂದಿ ಪ್ರಾಣ ಕಳೆದುಕೊಂಡದ್ದನ್ನು ಯಾರು ಮರೆತಾರು? ರಜೆಗೆ ಬರುತ್ತಿದ್ದವರು, ಮದುವೆಗೆ ಬರುತ್ತಿದ್ದವರು, ಪುಟ್ಟ ಮಕ್ಕಳು ಅದರಲ್ಲಿದ್ದರು. ಎಲ್ಲಾ ಧರ್ಮದವರ ಮನೆಗಳಲ್ಲೂ ಅಂದು ಅಳು ಇತ್ತು. ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾಯುವ ಸಂತೋಷದ ಹಿಂದೆ ಒಂದು ಭಯವೂ ಸೇರಿಕೊಂಡದ್ದು ಅಂದಿನಿಂದ.

ಗುಡ್ಡದ ಮೇಲಿನ ಈ ನಿಲ್ದಾಣದ ಓಡುಹಾದಿ ಸುಮಾರು 2,450 ಮೀಟರ್ ಉದ್ದವಿದ್ದು, ಇಲ್ಲಿ ಓಡಾಡುವುದು ಸಣ್ಣ ಗಾತ್ರದ ವಿಮಾನಗಳು. ಡಿಸೆಂಬರ್ ಮೂರನೆಯ ವಾರ ಎಲ್ಲರೂ ಒಟ್ಟಿಗೆ ಬರಬೇಕು, ಜನವರಿ ಮೊದಲ ವಾರ ಎಲ್ಲರೂ ಒಟ್ಟಿಗೆ ಹೋಗಬೇಕು. ಸೀಟು ಕಡಿಮೆ, ಬೇಡಿಕೆ ಹೆಚ್ಚು. ಆಗ ಟಿಕೇಟಿನ ಬೆಲೆ ಏರದೆ ಇರುತ್ತದೆಯೇ? ಒಬ್ಬನೇ ಬಂದು ಹೋಗುವವರಿಗೆ ಹೇಗೋ ಆದೀತು. ಆದರೆ ಕೊಲ್ಲಿಯಲ್ಲೇ ಸಂಸಾರ ಇರುವ ದಂಪತಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಅಜ್ಜ ಅಜ್ಜಿಯ ಜೊತೆ ಹಬ್ಬ ಮಾಡಬೇಕೆಂದರೆ ನಾಲ್ಕು ಟಿಕೇಟು ಬೇಕು. ಆದ್ದರಿಂದ ಹಲವರು ಜುಲೈಯಲ್ಲೋ ಫೆಬ್ರವರಿಯಲ್ಲೋ ಬರುತ್ತಾರೆ. ಅಜ್ಜಿ ಕುಸ್ವಾರನ್ನು ಡಬ್ಬಿಯಲ್ಲಿ ತುಂಬಿಸಿ, ಆ ಕಡೆ ಹೋಗುವ ಯಾರದೋ ಕೈಯಲ್ಲಿ ಕೊಟ್ಟು ಕಳುಹಿಸುತ್ತಾರೆ.

ರಜೆ ಇಲ್ಲದ ಊರಿನ ಹಬ್ಬ

ಕೊಲ್ಲಿಯಲ್ಲೇ ಉಳಿದ ಕುಟುಂಬಗಳ ಕ್ರಿಸ್ಮಸ್ ಹೇಗಿರುತ್ತದೆ? ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಡಿಸೆಂಬರ್ 25 ಸರಕಾರಿ ರಜೆಯಲ್ಲ. ಶಾಲೆಗಳಿಗೆ ಚಳಿಗಾಲದ ರಜೆ ಇರುವುದರಿಂದ ಮಕ್ಕಳು ಮನೆಯಲ್ಲಿರುತ್ತಾರೆ, ತಂದೆ ತಾಯಿ ಕೆಲಸದಲ್ಲಿರುತ್ತಾರೆ. ಆದರೂ ಅಲ್ಲಿ ಚರ್ಚುಗಳಿವೆ, ಬಲಿಪೂಜೆಗಳಿವೆ. ದುಬಾಯಿಯ ಸಂತ ಮೇರಿ ಚರ್ಚಿನಲ್ಲಿ ಹಬ್ಬದ ದಿನ ಜನ ಅಂಗಳದಲ್ಲೂ ತುಂಬಿ ನಿಲ್ಲುತ್ತಾರೆ. ಬಹುಕಾಲ ಅಲ್ಲಿ ಶುಕ್ರವಾರವೇ ಜನರಿಗೆ ಭಾನುವಾರವಾಗಿತ್ತು. ವಾರದ ಬಲಿಪೂಜೆಗೂ ಮಕ್ಕಳ ಧರ್ಮೋಪದೇಶಕ್ಕೂ ಅದೇ ದಿನ. 2022ರ ಜನವರಿಯಲ್ಲಿ ಆ ದೇಶ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಾಯಿಸಿದ್ದರಿಂದ ಭಾನುವಾರವನ್ನು ಭಾನುವಾರವೇ ಆಚರಿಸುವ ಅವಕಾಶ ಅನೇಕ ಕುಟುಂಬಗಳಿಗೆ ಸಿಕ್ಕಿತು. ಬಹ್ರೇನಿನ ಅವಾಲಿಯಲ್ಲಿ 2021ರ ಡಿಸೆಂಬರಿನಲ್ಲಿ ಅರೇಬಿಯಾದ ಮಾತೆಯ ಪ್ರಧಾನಾಲಯ ಪ್ರತಿಷ್ಠೆಗೊಂಡಿತು. ಪೋಪ್ ಫ್ರಾನ್ಸಿಸ್‌ರವರು 2019ರಲ್ಲಿ ಅಬುಧಾಬಿಗೂ 2022ರಲ್ಲಿ ಬಹ್ರೇನಿಗೂ ಭೇಟಿ ಕೊಟ್ಟಾಗ ಬಲಿಪೂಜೆಯಲ್ಲಿ ನೆರೆದವರಲ್ಲಿ ನಮ್ಮ ಕರಾವಳಿಯವರೂ ಇದ್ದರು.

ಸೌದಿಯಲ್ಲಿ ಮಾತ್ರ ಚರ್ಚು ಇಲ್ಲ. ಅಲ್ಲಿ ಇರುವವರು ಬಾಗಿಲು ಮುಚ್ಚಿ ಜಪಸರ ಹೇಳಿ, ಮೊಬೈಲಿನಲ್ಲಿ ಊರಿನ ಚರ್ಚಿನ ನೇರ ಪ್ರಸಾರ ನೋಡಿ ಹಬ್ಬ ಮುಗಿಸುತ್ತಾರೆ. ತನ್ನ ಮಗು ಬಾಲಯೇಸುವಿನ ಮುಂದೆ ಮೊಣಕಾಲೂರುವುದನ್ನು ಐದು ಇಂಚಿನ ಪರದೆಯಲ್ಲಿ ನೋಡುವ ತಂದೆಯ ಮನಸ್ಸನ್ನು ಬರೆದು ತಿಳಿಸುವುದು ಕಷ್ಟ.

ಅಮ್ಮ ದೂರ ಇರುವ ಮನೆಗಳು

ಇತ್ತೀಚಿನ ವರ್ಷಗಳ ಇನ್ನೊಂದು ಬದಲಾವಣೆಯನ್ನು ನಾವು ಗಮನಿಸಬೇಕು. ಮೊದಲು ದೂರ ಹೋಗುತ್ತಿದ್ದುದು ಹೆಚ್ಚಾಗಿ ಅಪ್ಪ. ಈಗ ಅಮ್ಮಂದಿರೂ ಹೋಗುತ್ತಿದ್ದಾರೆ. ದಾದಿಯರಾಗಿ ಹೋದವರು ಹಿಂದೆಯೂ ಇದ್ದರು. ಆದರೆ ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಮಂಗಳೂರು, ಉಡುಪಿ ಕಡೆಯ ಅನೇಕ ಮಹಿಳೆಯರೂ ಪುರುಷರೂ ಹೋಗಿದ್ದಾರೆ. ವೃದ್ಧರ ಮನೆಯಲ್ಲೇ ಇದ್ದು ಹಗಲು ರಾತ್ರಿ ನೋಡಿಕೊಳ್ಳುವ ಕೆಲಸ ಅದು. ಕುಟುಂಬವನ್ನು ಕರೆಸಿಕೊಳ್ಳುವ ಮಾತೇ ಇಲ್ಲ. ಇನ್ನೊಬ್ಬರ ತಾಯಿಯನ್ನು ನೋಡಿಕೊಳ್ಳಲು ತನ್ನ ಮಕ್ಕಳನ್ನು ಅಜ್ಜಿಯ ಕೈಗೆ ಒಪ್ಪಿಸಿ ಹೋದವಳ ತ್ಯಾಗ ಸಣ್ಣದಲ್ಲ.

2023ರ ಅಕ್ಟೋಬರ್ 7ರ ನಂತರ ಈ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಸೈರನ್ ಮೊಳಗಿದಾಗ ಅಮ್ಮ ಆಶ್ರಯ ಕೋಣೆಗೆ ಓಡಿದಳೋ ಇಲ್ಲವೋ ಎಂದು ಮಕ್ಕಳು ಫೋನು ಹಿಡಿದು ಕಾಯುತ್ತಿದ್ದರು. ಆ ವರ್ಷ ಜೆರುಸಲೇಮಿನ ಕ್ರೈಸ್ತ ಸಭೆಗಳ ಮುಖ್ಯಸ್ಥರು ಗಾಜಾದ ಯುದ್ಧದಲ್ಲಿ ನೊಂದವರ ಸಲುವಾಗಿ ಅದ್ದೂರಿ ಆಚರಣೆ ಬೇಡವೆಂದು ಕೇಳಿಕೊಂಡರು. ಯೇಸು ಹುಟ್ಟಿದ ಬೆತ್ಲೆಹೇಮಿನ ಚೌಕದಲ್ಲಿ 2023 ಮತ್ತು 2024ರಲ್ಲಿ ಕ್ರಿಸ್ಮಸ್ ಮರ ಬೆಳಗಲಿಲ್ಲ. 2025ರ ಡಿಸೆಂಬರಿನಲ್ಲಿ ಮತ್ತೆ ಬೆಳಗಿತು. ನಮ್ಮೂರಿನ ಮಕ್ಕಳು ಗೋದಲಿಯಲ್ಲಿ ಬೆತ್ಲೆಹೇಮ್ ಕಟ್ಟುವಾಗ, ಅಮ್ಮ ಇರುವ ಊರಿನಿಂದ ಅದು ಎಷ್ಟು ದೂರ ಎಂದು ಕೇಳುವ ಕಾಲ ಬಂದಿದೆ.

ಎಲ್ಲರೂ ಮನೆಯಲ್ಲಿದ್ದ ಎರಡು ಕ್ರಿಸ್ಮಸ್

ಕರಾವಳಿಯ ನೆನಪಿನಲ್ಲಿ ಎರಡು ಕ್ರಿಸ್ಮಸ್ ಹಬ್ಬಗಳು ವಿಶೇಷ. ಒಂದು 1990ರದ್ದು. ಆ ಆಗಸ್ಟ್ 2ರಂದು ಇರಾಕ್ ಕುವೈಟನ್ನು ಆಕ್ರಮಿಸಿತು. ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಲಾಯಿತು. ಉಟ್ಟ ಬಟ್ಟೆಯಲ್ಲಿ ಬಂದವರಲ್ಲಿ ನಮ್ಮವರು ಕಡಿಮೆ ಇರಲಿಲ್ಲ. ಇನ್ನೊಂದು 2020ರದ್ದು. ಕೊರೋನಾ ಕಾಲದಲ್ಲಿ ವಂದೇ ಭಾರತ್ ಯೋಜನೆಯ ಮೊದಲ ವಿಮಾನ ಮೇ 12ರಂದು ದುಬಾಯಿಯಿಂದ ಮಂಗಳೂರಿಗೆ ಬಂತು. ನಂತರ ಸಾಲು ಸಾಲಾಗಿ ಜನ ಬಂದರು. ಕೆಲವರು ಕೆಲಸ ಕಳೆದುಕೊಂಡು, ಕೆಲವರು ಸಂಬಳವಿಲ್ಲದ ರಜೆಯಲ್ಲಿ.

ಈ ಎರಡೂ ವರ್ಷ ಹಲವು ಮನೆಗಳಲ್ಲಿ ಅಪ್ಪ ಹಬ್ಬಕ್ಕೆ ಇದ್ದರು. ಆದರೆ ಕೈಯಲ್ಲಿ ದುಡ್ಡು ಇರಲಿಲ್ಲ. ಹೊಸ ಬಟ್ಟೆ ಇರಲಿಲ್ಲ, ಪೆಟ್ಟಿಗೆ ತುಂಬಾ ಚಾಕಲೇಟು ಇರಲಿಲ್ಲ. 2020ರಲ್ಲಿ ಚರ್ಚಿನಲ್ಲಿ ದೂರ ದೂರ ಕೂರಬೇಕಿತ್ತು, ಕ್ಯಾರಲ್ ತಂಡ ಮನೆ ಮನೆಗೆ ಹೋಗುವಂತಿರಲಿಲ್ಲ. ದೊಡ್ಡವರಿಗೆ ಅದು ಆತಂಕದ ಹಬ್ಬ. ಮಕ್ಕಳನ್ನು ಕೇಳಿ ನೋಡಿ. ಅಪ್ಪ ಮಣ್ಣು ತಂದು ಗೋದಲಿ ಕಟ್ಟಿದ ವರ್ಷ, ಅಪ್ಪನೇ ಕಿಡಿಯೊ ಸುತ್ತಿದ ವರ್ಷ ಎಂದೇ ಹಲವರು ಅದನ್ನು ನೆನಪಿಡುತ್ತಾರೆ. ಬಡತನವನ್ನು ಹೊಗಳುವುದು ಇಲ್ಲಿನ ಉದ್ದೇಶವಲ್ಲ. ಸಾಲದ ಕಂತು ಕಟ್ಟಲಾಗದೆ ಒದ್ದಾಡಿದ ಮನೆಗಳ ಸಂಕಟ ನಿಜ. ಆದರೆ ಮಕ್ಕಳ ಲೆಕ್ಕ ನಮ್ಮ ಲೆಕ್ಕಕ್ಕಿಂತ ಬೇರೆ ಎಂಬುದನ್ನು ಆ ಹಬ್ಬಗಳು ತೋರಿಸಿಕೊಟ್ಟವು. ದುಡ್ಡು ಮತ್ತು ಜೊತೆ ಎರಡೂ ಒಟ್ಟಿಗೆ ಸಿಗದ ವ್ಯವಸ್ಥೆಯಲ್ಲಿ ನಮ್ಮ ಕುಟುಂಬಗಳು ಸಿಕ್ಕಿಕೊಂಡಿವೆ. ಇದೇ ಇಂದಿನ ನಿಜವಾದ ಸಮಸ್ಯೆ.

ಊರಲ್ಲೇ ಇದ್ದು ಊರಲ್ಲಿಲ್ಲದವರು

ಹಾಗಾದರೆ ಊರಲ್ಲೇ ಇರುವ ಕುಟುಂಬಗಳೆಲ್ಲ ಒಟ್ಟಾಗಿ ಹಬ್ಬ ಮಾಡುತ್ತಿವೆಯೇ? ಇಲ್ಲಿಯೂ ನಾವು ಆತ್ಮಶೋಧನೆ ಮಾಡಬೇಕು. ಹಿಂದೆ ಕುಸ್ವಾರ್ ಮಾಡುವುದು ಇಡೀ ಮನೆಯ ಕೆಲಸ. ಅಜ್ಜಿ ಹಿಟ್ಟು ಕಲಸುತ್ತಿದ್ದರು, ದೊಡ್ಡವರು ಎಣ್ಣೆಯ ಬಾಣಲೆಯ ಬಳಿ, ಮಕ್ಕಳು ಮುಳ್ಳುಚಮಚದ ಅಥವಾ ಹೊಸ ಬಾಚಣಿಗೆಯ ಮೇಲೆ ಹಿಟ್ಟನ್ನು ಒತ್ತಿ ಕಿಡಿಯೊ ಸುತ್ತುತ್ತಿದ್ದರು. ನೆವ್ರಿಯೊಗೆ ಎಳ್ಳು, ಸಕ್ಕರೆ, ತೆಂಗಿನಕಾಯಿ ತುಂಬಿಸುವಾಗ ಅರ್ಧ ಮಕ್ಕಳ ಬಾಯಿಗೆ ಹೋಗುತ್ತಿತ್ತು. ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ ಸೇರಿ ಒಂದು ವಾರದ ಕೆಲಸ. ಈಗ ಬೇಕರಿಯಲ್ಲಿ ಅರ್ಧ ಕಿಲೋ ಪೊಟ್ಟಣ ಸಿಗುತ್ತದೆ. ಸ್ವಸಹಾಯ ಸಂಘದ ಮಹಿಳೆಯರು ಮಾಡಿ ಮಾರಿದರೆ ಅವರ ಮನೆಯಲ್ಲಿ ಹಬ್ಬ ನಡೆಯುತ್ತದೆ, ಅದನ್ನು ಕೊಳ್ಳುವುದು ಒಳ್ಳೆಯದೇ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಎಲ್ಲವನ್ನೂ ಮಾಡಿರೆಂದು ಹೇಳುವುದು ನ್ಯಾಯವೂ ಅಲ್ಲ. ಆದರೆ ಒಂದೇ ಒಂದು ಬಗೆಯನ್ನಾದರೂ ಮಕ್ಕಳನ್ನು ಕೂರಿಸಿಕೊಂಡು ಮಾಡಬಹುದಲ್ಲವೇ? ಸೊಟ್ಟಗಾದ ಕಿಡಿಯೊ ತಟ್ಟೆಯಲ್ಲಿ ನೆರೆಮನೆಯ ಹಿಂದೂ, ಮುಸ್ಲಿಂ ಬಾಂಧವರಿಗೆ ಹೋದರೆ ಯಾರೂ ಬೇಸರ ಪಡುವುದಿಲ್ಲ. ಆ ತಟ್ಟೆಯನ್ನು ಮಗುವಿನ ಕೈಯಲ್ಲೇ ಕೊಟ್ಟು ಕಳುಹಿಸಿದರೆ ಇನ್ನೂ ಒಳ್ಳೆಯದು. ಸೌಹಾರ್ದದ ಭಾಷಣಗಳು ಹೆಚ್ಚಾಗಿ ತಟ್ಟೆಗಳ ಓಡಾಟ ಕಡಿಮೆಯಾಗಿರುವ ಈ ದಿನಗಳಲ್ಲಿ ಇದು ಸಣ್ಣ ವಿಷಯವಲ್ಲ.

ಶಾಲೆಯ ರಜೆಯ ವಿಷಯವೂ ಇದೆ. ನಮ್ಮ ರಾಜ್ಯದಲ್ಲಿ ದೊಡ್ಡ ಮಧ್ಯಂತರ ರಜೆ ದಸರಾಕ್ಕೆ. ಕ್ರಿಸ್ಮಸ್ ರಜೆ ಬೇಕೆನ್ನುವ ಸಂಸ್ಥೆಗಳು ಜಿಲ್ಲೆಯ ಉಪನಿರ್ದೇಶಕರಿಗೆ ಮನವಿ ಕೊಟ್ಟು, ದಸರಾ ರಜೆಯಲ್ಲಿ ಕಡಿತ ಮಾಡಿ ಸರಿದೂಗಿಸಬೇಕು. ಒಂದು ಮಗು ಒಂದು ಶಾಲೆಯಲ್ಲಿ, ಇನ್ನೊಂದು ಬೇರೆ ಶಾಲೆಯಲ್ಲಿ ಇದ್ದರೆ ಒಬ್ಬರಿಗೆ ರಜೆ, ಒಬ್ಬರಿಗೆ ಪರೀಕ್ಷೆ. ಬೆಂಗಳೂರಿನ ಐಟಿ ಕಂಪೆನಿಯಲ್ಲಿರುವ ತಂದೆಗೆ 25 ಒಂದು ದಿನ ರಜೆ. 24ರ ರಾತ್ರಿ ಬಸ್ಸು ಹತ್ತಿ 26ರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಇರಬೇಕಾದ ಅವರ ಪಾಡು ಕೊಲ್ಲಿಯವರಿಗಿಂತ ಬಹಳ ಬೇರೆಯಲ್ಲ.

ಹಬ್ಬ 26ಕ್ಕೆ ಮುಗಿಯುವುದಿಲ್ಲ

ಇಲ್ಲಿ ಧರ್ಮಸಭೆಯ ಪಂಚಾಂಗ ನಮಗೆ ಒಂದು ದಾರಿ ತೋರಿಸುತ್ತದೆ. ನಾವು ಕ್ರಿಸ್ಮಸನ್ನು ಡಿಸೆಂಬರ್ ಮೊದಲ ವಾರದಲ್ಲೇ ಕೇಕು, ಪಾರ್ಟಿ, ಸ್ಪರ್ಧೆಗಳಲ್ಲಿ ಖರ್ಚು ಮಾಡಿ 26ಕ್ಕೆ ಸುಸ್ತಾಗಿ ಮಲಗುತ್ತೇವೆ. ಧರ್ಮಸಭೆ ಹೇಳುವುದು ಇದಕ್ಕೆ ತದ್ವಿರುದ್ಧ. ಡಿಸೆಂಬರಿನ ಮೊದಲ ವಾರಗಳು ಆಗಮನ ಕಾಲ, ಕಾಯುವ ಕಾಲ. ಹಬ್ಬದ ಕಾಲ ಆರಂಭವಾಗುವುದೇ 24ರ ಸಂಜೆ. ಅದು ಪವಿತ್ರ ಕುಟುಂಬದ ಹಬ್ಬ, 28ರ ನಿರ್ದೋಷಿ ಮಕ್ಕಳ ಸ್ಮರಣೆ, ಜನವರಿ 1ರ ದೇವಮಾತೆಯ ಹಬ್ಬ, ಮೂವರು ಜ್ಞಾನಿಗಳ ಹಬ್ಬ ಎಲ್ಲವನ್ನೂ ದಾಟಿ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೆ ನಡೆಯುತ್ತದೆ.

ಎರಡು ವಾರಗಳಿಗಿಂತ ಹೆಚ್ಚಿನ ಈ ಕಾಲ ಚದುರಿಹೋದ ಕುಟುಂಬಗಳಿಗೆ ವರದಾನ. ಅಪ್ಪನಿಗೆ 25ಕ್ಕೆ ರಜೆ ಸಿಗದಿದ್ದರೆ ಜನವರಿ 3ಕ್ಕೆ ಬರಲಿ. ಗೋದಲಿಯನ್ನು ಕೀಳದೆ ಇಡಿ. ಜ್ಞಾನಿಗಳು ಒಂಟೆ ಹತ್ತಿ ಬಂದದ್ದೂ ತಡವಾಗಿಯೇ. ಅಪ್ಪ ಬಂದ ದಿನ ಮನೆಯಲ್ಲಿ ನಕ್ಷತ್ರ ಬೆಳಗಲಿ, ಆ ದಿನವೇ ಊಟ ಇರಲಿ. ಅದು ತಡವಾದ ಹಬ್ಬ ಅಲ್ಲ, ಹಬ್ಬದ ಕಾಲದ ಒಳಗಿನ ಹಬ್ಬವೇ.

ಧರ್ಮಕೇಂದ್ರಗಳೂ ಕೆಲವನ್ನು ಯೋಚಿಸಬಹುದು. ಗೋದಲಿ ಸ್ಪರ್ಧೆಯ ಬಹುಮಾನ ದೊಡ್ಡ ಗೋದಲಿಗೆ ಹೋಗುವ ಬದಲು ಮಕ್ಕಳೇ ಕಟ್ಟಿದ ಗೋದಲಿಗೆ ಹೋಗಲಿ. 1223ರಲ್ಲಿ ಸಂತ ಫ್ರಾನ್ಸಿಸರು ಗ್ರೆಚ್ಚೋದಲ್ಲಿ ಮಾಡಿದ ಮೊದಲ ಗೋದಲಿಯಲ್ಲಿ ಹುಲ್ಲು, ಎತ್ತು, ಕತ್ತೆ ಇದ್ದವು, ಸೀರಿಯಲ್ ದೀಪ ಇರಲಿಲ್ಲ. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸ್‌ರವರು ಅದೇ ಊರಿನಲ್ಲಿ ಸಹಿ ಮಾಡಿದ ಪತ್ರದಲ್ಲಿ ಮನೆಗಳಲ್ಲಿ ಗೋದಲಿ ಕಟ್ಟುವ ಪದ್ಧತಿಯನ್ನು ಬಿಡಬೇಡಿರೆಂದು ಪ್ರೋತ್ಸಾಹಿಸಿದ್ದಾರೆ. ಅಪ್ಪ ಅಥವಾ ಅಮ್ಮ ದೂರ ಇರುವ ಮನೆಗಳ ಪಟ್ಟಿ ವಾಳೆಯ ಗುರಿಕಾರರಿಗೆ ಗೊತ್ತಿರುತ್ತದೆ. ಹಬ್ಬದ ದಿನ ಆ ಮನೆಯ ಅಜ್ಜಿ ಮತ್ತು ಮಕ್ಕಳನ್ನು ಯಾರಾದರೊಬ್ಬರು ಊಟಕ್ಕೆ ಕರೆಯಲಿ. ಅನುಕಂಪದಿಂದ ಬೇಡ, ನೆಂಟರೆಂದು ಕರೆಯಲಿ. ಕೊಲ್ಲಿಯಲ್ಲಿ ಸಂಸಾರ ಇರುವವರು ಬ್ಯಾಚುಲರ್ ರೂಮಿನ ನಾಲ್ಕು ಮಂದಿಯನ್ನು ತಮ್ಮ ಮನೆಗೆ ಕರೆಯಲಿ. ಅವರೂ ಯಾರದೋ ಮಕ್ಕಳ ಅಪ್ಪಂದಿರು. ನಿಮ್ಮ ಮಗುವನ್ನು ಎತ್ತಿಕೊಂಡಾಗ ಅವರು ನೆನೆಯುವುದು ತಮ್ಮ ಮಗುವನ್ನು.

ಜೋಸೆಫರೂ ವಲಸೆ ಹೋದವರೇ

ಪವಿತ್ರ ಕುಟುಂಬದ ಹಬ್ಬಕ್ಕೆ ಮೂರು ವರ್ಷಕ್ಕೊಮ್ಮೆ ಓದುವ ಶುಭಸಂದೇಶ ಈಜಿಪ್ಟಿಗೆ ಓಡಿಹೋದ ಪ್ರಸಂಗ. ರಾತ್ರೋರಾತ್ರಿ ಎದ್ದು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಜೋಸೆಫರು ಗಡಿ ದಾಟಿದರು. ಪರದೇಶದಲ್ಲಿ ಬಡಗಿಯ ಕೆಲಸ ಹುಡುಕಿರಬೇಕು, ಬಾಡಿಗೆಗೆ ಜಾಗ ಕೇಳಿರಬೇಕು. 1952ರಲ್ಲಿ ಪೋಪ್ ಹನ್ನೆರಡನೇ ಪಯಸ್‌ರವರು ವಲಸಿಗರ ಬಗ್ಗೆ ಹೊರಡಿಸಿದ ಪ್ರೇಷಿತ ಸಂವಿಧಾನದಲ್ಲಿ ಈ ಕುಟುಂಬವನ್ನೇ ಎಲ್ಲಾ ವಲಸೆ ಕುಟುಂಬಗಳ ಮಾದರಿ ಎಂದು ಕಂಡಿದ್ದಾರೆ.

ಒಂದು ವ್ಯತ್ಯಾಸವನ್ನು ಮಾತ್ರ ನಾವು ಗಮನಿಸಬೇಕು. ಜೋಸೆಫರು ಕುಟುಂಬವನ್ನು ಜೊತೆಗೆ ಕರೆದುಕೊಂಡು ಹೋದರು. ನಮ್ಮ ಜೋಸೆಫರಿಗೆ ಆ ಅವಕಾಶ ಇಲ್ಲ. ಆದ್ದರಿಂದ ವಿದೇಶಕ್ಕೆ ಹೊರಡುವ ಯುವ ದಂಪತಿಗಳು ಸಂಬಳ ಎಷ್ಟು ಎಂದು ಕೇಳುವಾಗಲೇ, ಮಕ್ಕಳು ಚಿಕ್ಕವರಿರುವ ಎಷ್ಟು ವರ್ಷ ಬೇರೆ ಇರಬೇಕಾದೀತು ಎಂದೂ ಕೇಳಿಕೊಳ್ಳಬೇಕು. ಒಂದು ಮಹಡಿ ಕಡಿಮೆ ಕಟ್ಟಿದರೆ ಎರಡು ವರ್ಷ ಮೊದಲು ಊರಿಗೆ ಬರಬಹುದೇ ಎಂದು ಲೆಕ್ಕ ಹಾಕಬೇಕು. ಮಕ್ಕಳು ಗೋದಲಿಗೆ ಭತ್ತ ಬಿತ್ತುವ ವಯಸ್ಸು ಏಳೆಂಟು ವರ್ಷ ಮಾತ್ರ. ಅದು ಹೋದ ಮೇಲೆ ಎಷ್ಟು ಟಿಕೇಟು ಕೊಂಡರೂ ಮರಳಿ ಬರುವುದಿಲ್ಲ.

ಈ ಸಲ ನಿಮ್ಮ ಮನೆಯಲ್ಲಿ ಎಲ್ಲರೂ ಕೂಡಿದ್ದರೆ ದೇವರಿಗೆ ಕೃತಜ್ಞತೆ ಸಲ್ಲಿಸಿ, ಮೊಬೈಲನ್ನು ಸ್ವಲ್ಪ ಹೊತ್ತು ಬದಿಗಿಡಿ. ಯಾರಾದರೂ ದೂರ ಇದ್ದರೆ ಜಪಸರದ ಹೊತ್ತಿಗೆ ಅವರಿಗೆ ಫೋನು ಮಾಡಿ, ಕೊನೆಯ ಪ್ರಾರ್ಥನೆಯನ್ನು ಅವರೇ ಹೇಳಲಿ. ಊಟದ ಮೇಜಿನಲ್ಲಿ ಅವರ ಕುರ್ಚಿಯನ್ನು ತೆಗೆಯಬೇಡಿ.

ಊರಲ್ಲಿರುವ, ಪರವೂರಲ್ಲಿರುವ ಎಲ್ಲಾ ಕುಟುಂಬಗಳಿಗೆ, ಅಪ್ಪನ ದಾರಿ ಕಾಯುವ ಎಲ್ಲಾ ಪುಟಾಣಿಗಳಿಗೆ ಕ್ರಿಸ್ತ ಜಯಂತಿಯ ಹಾರ್ದಿಕ ಶುಭಾಶಯಗಳು.